ಆನೆ ನಡೆದದ್ದೇ ದಾರಿ

1986ರ ಶ್ರಾವಣ. ಮದುವೆಯಾಗಿ ಡೊಂಬಿವಲಿಗೆ ಬಂದು ಆರು ತಿಂಗಳಾಗಿತ್ತು. ಮಾನಪಾಡಾ ರಸ್ತೆಯ ಬದಿಯ ಕಟ್ಟಡದ ಎರಡನೇ ಮಹಡಿಯಲ್ಲಿ, ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಾ ಕೂತಿದ್ದೆ. ಮನೆಯವರು ಥಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗೆ ಹೋಗಿದ್ದರು. ಮರಾಠಿ ಇನ್ನೂ ನಾಲಗೆಗೆ ಹತ್ತಿರಲಿಲ್ಲ. ಮಧ್ಯಾಹ್ನವಾದರೆ ಮಾತಿಗೆ ಜನವಿಲ್ಲದೆ ಜೀವ ತವರಿನ ಕಡೆ ಎಳೆಯುತ್ತಿತ್ತು. ಆಗ ಕೆಳಗಿನಿಂದ ಗಂಟೆಯ ಸದ್ದು ಬಂತು. ದೇವಸ್ಥಾನದ ಗಂಟೆಯಲ್ಲ, ಎತ್ತಿನ ಕೊರಳ ಗಂಟೆಯೂ ಅಲ್ಲ. ನಿಧಾನದ ಒಂದೊಂದು ಹೆಜ್ಜೆಗೆ ಒಂದೊಂದು ಪೆಟ್ಟು. ಆ ತಾಳ ನನಗೆ ಚಿಕ್ಕಂದಿನಿಂದ ಗೊತ್ತು. ಮೊರ ಅಲ್ಲೇ ಬಿಟ್ಟು, ಡಬ್ಬಿಯಿಂದ ಒಂದು ಅಚ್ಚು ಬೆಲ್ಲ ತೆಗೆದುಕೊಂಡು ಮೆಟ್ಟಿಲಿಳಿದು ಓಡಿದೆ.

ರಿಕ್ಷಾ, ಕೈಗಾಡಿ, ಛತ್ರಿಗಳ ನಡುವೆ ಒಂದು ಹೆಣ್ಣಾನೆ ನಿಂತಿತ್ತು. ಹಣೆಯ ಮೇಲೆ ಬಣ್ಣದಲ್ಲಿ ಬರೆದ ಹೂವು, ಬೆನ್ನಿಗೆ ಮಾಸಿದ ಕೆಂಪು ಬಟ್ಟೆ. ಮಕ್ಕಳು ಕೊಟ್ಟ ನಾಣ್ಯವನ್ನು ಸೊಂಡಿಲಿನಲ್ಲಿ ಹಿಡಿದು ಮೇಲೆ ಕೂತವನಿಗೆ ಕೊಡುತ್ತಿತ್ತು. ನಾನು ಅಂಗೈ ಮೇಲೆ ಬೆಲ್ಲ ಇಟ್ಟು ಚಾಚಿದೆ. ಸೊಂಡಿಲಿನ ತುದಿ ಬಂತು. ಅಲ್ಲಿ ಬೆರಳಿನಂಥ ಒಂದು ಮೊನೆ ಇರುತ್ತದೆ. ಅದು ನನ್ನ ಅಂಗೈಯನ್ನು ಒಮ್ಮೆ ಸವರಿ, ಮೂಸಿ, ಬೆಲ್ಲವನ್ನು ಎತ್ತಿಕೊಂಡಿತು. ಬಿಸಿ ಉಸಿರು, ಒದ್ದೆ ಮಣ್ಣಿನ ವಾಸನೆ. ನಡುರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ. ತವರಿನಿಂದ ಯಾರೋ ನನ್ನನ್ನು ನೋಡಲು ಬಂದಿದ್ದಾರೆ ಎನ್ನಿಸಿತ್ತು.

ನನ್ನ ತವರು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಅಂತರಸಂತೆ ಪಕ್ಕದ ಹಳ್ಳಿ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ನಮ್ಮೂರು ದಾಟಿದರೆ ಮುಂದೆ ಕಾಡೇ. ರಾಗಿ ತೆನೆ ಕಟ್ಟುವ ಹೊತ್ತಿಗೆ ಅಪ್ಪ ಹೊಲದ ಅಟ್ಟಣೆ ಹತ್ತಿದರೆ ಬೆಳಕು ಹರಿದ ಮೇಲೇ ಇಳಿಯುತ್ತಿದ್ದದ್ದು. ತಮಟೆ, ಪಂಜು, ಕೂಗು. ಒಂದು ರಾತ್ರಿ ಕಣ್ಣು ಮುಚ್ಚಿದರೆ ವರ್ಷದ ಅನ್ನ ಹೋಯಿತು. ಹಾಗಿದ್ದೂ ನಮ್ಮ ಮನೆಯಲ್ಲಿ ಯಾರೂ ಆನೆಯನ್ನು ಹೆಸರು ಹಿಡಿದು ಬೈಯುತ್ತಿರಲಿಲ್ಲ. ‘ದೊಡ್ಡದು ಬಂದಿತ್ತು’ ಅನ್ನುತ್ತಿದ್ದರು, ಅಷ್ಟೇ. ಹೊಲಕ್ಕೆ ನುಗ್ಗುವವು ಹೆಚ್ಚಾಗಿ ಒಂಟಿ ಗಂಡಾನೆಗಳು, ಮರಿಗಳಿರುವ ಹಿಂಡು ಅಷ್ಟು ಸುಲಭಕ್ಕೆ ಅಪಾಯಕ್ಕೆ ಮೈಯೊಡ್ಡುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. 1980ರ ಹೊತ್ತಿಗೆ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಅಧ್ಯಯನ ಶುರು ಮಾಡಿದ ಆನೆ ವಿಜ್ಞಾನಿ ರಾಮನ್ ಸುಕುಮಾರ್ ಅವರು ಕಂಡುಕೊಂಡದ್ದೂ ಇದನ್ನೇ ಎಂದು ಎಷ್ಟೋ ವರ್ಷಗಳ ಮೇಲೆ ಓದಿದಾಗ, ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕೂತ ಅಪ್ಪನ ಚಿತ್ರ ಕಣ್ಣ ಮುಂದೆ ಬಂತು.

1971ರಲ್ಲಿ ನಮ್ಮೂರಾಚೆಯ ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾ ಆಯಿತು. ಅದೇ ಕೊನೆಯ ಖೆಡ್ಡಾ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ನನಗೆ ಎಂಟು ವರ್ಷ. ಅಪ್ಪನ ಎತ್ತಿನಗಾಡಿಗೆ ಹುಲ್ಲು ಸಾಗಿಸುವ ಕೆಲಸ ಸಿಕ್ಕಿತ್ತು. ನನ್ನನ್ನೂ ಹುಲ್ಲಿನ ಮೇಲೆ ಕೂರಿಸಿಕೊಂಡು ಹೋದರು. ಹಿಂಡನ್ನು ದಿನಗಟ್ಟಲೆ ಸುತ್ತುಗಟ್ಟಿ, ತಮಟೆ ಬಡಿದು, ಪಂಜು ಹಿಡಿದು ಕಬಿನಿ ಹೊಳೆಗಿಳಿಸಿ, ಆಚೆ ದಡದ ಮರದ ದಿಮ್ಮಿಗಳ ಕೋಟೆಯೊಳಕ್ಕೆ ನೂಕುವುದು ಖೆಡ್ಡಾದ ಕ್ರಮ. ಆಮೇಲೆ ಪಳಗಿದ ಆನೆಗಳ ಮೇಲೆ ಮಾವುತರು ಒಳಗೆ ಹೋಗಿ ಒಂದೊಂದಕ್ಕೇ ಹಗ್ಗ ಬಿಗಿಯುತ್ತಿದ್ದರು. ದೂರದೂರದಿಂದ ಬಂದ ದೊಡ್ಡ ಮನುಷ್ಯರು ಕೂತು ನೋಡುತ್ತಿದ್ದರು. ನನಗೆ ಇವತ್ತಿಗೂ ನೆನಪಿರುವುದು ಒಂದೇ. ಹಗ್ಗ ಬಿದ್ದ ತಾಯಾನೆಯ ಹಿಂಗಾಲಿನ ಹತ್ತಿರ ಒಂದು ಮರಿ ನಿಂತಿತ್ತು. ತಾಯಿ ತನ್ನ ಕಾಲಿನ ಹಗ್ಗ ಬಿಡಿಸಿಕೊಳ್ಳುವುದನ್ನು ಬಿಟ್ಟು, ಸೊಂಡಿಲು ಹಿಂದಕ್ಕೆ ಚಾಚಿ ಮರಿಯ ಬಾಯಿ ಸವರುತ್ತಿತ್ತು. ಸುಮ್ಮನೆ ಸವರುತ್ತಲೇ ಇತ್ತು.

ನಾನು ಅಳಲು ಶುರು ಮಾಡಿದೆ. ಗಾಡಿ ಊರ ಕಡೆ ತಿರುಗಿದ ಮೇಲೆ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎತ್ತುಗಳ ಕಡೆಗೇ ನೋಡುತ್ತಾ, ‘ಆನೆ ನಡೆದದ್ದೇ ದಾರಿ ಅಂತಾರೆ ಕಣವ್ವ. ಅದ್ರ ದಾರೀನೇ ಕಟ್ಬುಟ್ವಲ್ಲ’ ಅಂದರು.

1873ರಿಂದ ಆ ವರ್ಷದವರೆಗೆ ಮೈಸೂರು ಸೀಮೆಯಲ್ಲಿ ನಡೆದ ಖೆಡ್ಡಾಗಳು 36. ಮರುವರ್ಷ, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದು, ನಾನು ನಿಂತು ಅತ್ತ ಆ ಜಾಗವೆಲ್ಲ ಹಿನ್ನೀರಿನಡಿ ಸೇರಿತು. ದಿಮ್ಮಿಯ ಕೋಟೆ ಇದ್ದಲ್ಲಿ ಈಗ ಮೀನು ಈಜುತ್ತದೆ.

ಮಾನಪಾಡಾ ರಸ್ತೆಗೆ ಆ ಆನೆ, ಅಥವಾ ಅದರಂಥದೇ ಇನ್ನೊಂದು, ವರ್ಷಕ್ಕೆ ಒಂದೆರಡು ಸಲ ಬರುತ್ತಿತ್ತು. ಕಲ್ಯಾಣದಲ್ಲಿ ಮದುವೆ ಮೆರವಣಿಗೆಯ ಮುಂದೆ, ಥಾಣೆಯಲ್ಲಿ ತಲಾವ್ ಪಾಳಿಯ ಹತ್ತಿರ, ವಾಶಿಯ ಅಂಗಡಿ ಸಾಲುಗಳಲ್ಲಿ ಕೂಡ ಕಂಡಿದ್ದೇನೆ. ಬಂದಾಗಲೆಲ್ಲ ನಾನು ಬೆಲ್ಲ, ಬಾಳೆಹಣ್ಣು ಹಿಡಿದು ಇಳಿಯುತ್ತಿದ್ದೆ. ಮಗ ಹುಟ್ಟಿ ಕೈಕೂಸಾದ ಮೇಲೆ ಅವನ ತಲೆಗೆ ಸೊಂಡಿಲು ಮುಟ್ಟಿಸಿ ಆಶೀರ್ವಾದ ಮಾಡಿಸುತ್ತಿದ್ದೆ. ಆನೆ ಒಂದೇ ಸಮನೆ ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತಾ, ಮುಂಗಾಲನ್ನು ಎತ್ತಿ ಇಡುತ್ತಾ ನಿಂತಿರುತ್ತಿತ್ತು. ‘ಅಮ್ಮಾ, ಆನೆ ಡಾನ್ಸ್ ಮಾಡ್ತಿದೆ’ ಎಂದು ನಾಲ್ಕು ವರ್ಷದ ಮಗ ಚಪ್ಪಾಳೆ ತಟ್ಟುತ್ತಿದ್ದ. ನಾನೂ ನಗುತ್ತಿದ್ದೆ. ಆ ನಗುವಿನ ನೆನಪು ಈಗ ಚುಚ್ಚುತ್ತದೆ.

1999ರ ಮೇ ತಿಂಗಳಲ್ಲಿ ತವರಿಗೆ ಹೋಗಿದ್ದಾಗ ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಕಬಿನಿ ಕಡೆಯಿಂದ ನಾಗರಹೊಳೆ ಕಾಡಿಗೆ ಸಫಾರಿ ಹೋದೆ. ಆನೆಗಳ ನಡುವೆ ಬೆಳೆದವಳು ನಾನು. ಆದರೆ ನಾನು ಕಂಡಿದ್ದೆಲ್ಲ ಕತ್ತಲಲ್ಲಿ ಹೊಲಕ್ಕೆ ಬಂದ ಆನೆ, ಹಗ್ಗದಲ್ಲಿ ಬಿಗಿದ ಆನೆ, ಬೀದಿಯಲ್ಲಿ ಕಾಸು ಬೇಡುವ ಆನೆ. ತನ್ನ ಮನೆಯಲ್ಲಿ ತನ್ನ ಪಾಡಿಗೆ ತಾನಿರುವ ಆನೆಯನ್ನು ಮೊದಲ ಸಲ ನೋಡಿದ್ದು ಮೂವತ್ತಾರನೇ ವಯಸ್ಸಿನಲ್ಲಿ.

ಬೇಸಿಗೆ ಏರಿದಂತೆ ಹಿನ್ನೀರು ಇಳಿಯುತ್ತದೆ. ನೀರು ಬಿಟ್ಟುಕೊಟ್ಟ ಮಣ್ಣಿನಲ್ಲಿ ಎಳೆ ಹುಲ್ಲು ಹಸಿರಾಗಿ ಏಳುತ್ತದೆ. ಒಳಗಿನ ಕಾಡೆಲ್ಲ ಒಣಗಿ ನಿಂತಿರುವಾಗ ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಆ ಹುಲ್ಲಿಗೂ ನೀರಿಗೂ ಇಲ್ಲಿಗೆ ಇಳಿದು ಬರುತ್ತವೆ. ನಮ್ಮ ವ್ಯಾನು ದಿಬ್ಬದ ಮೇಲೆ ನಿಂತಾಗ ಕೆಳಗೆ ಕಣ್ಣು ಹಾಯುವವರೆಗೂ ಆನೆ. ಮಗ ಅರವತ್ತರವರೆಗೆ ಎಣಿಸಿ ಬಿಟ್ಟುಬಿಟ್ಟ.

ಹತ್ತಿರದಲ್ಲೇ ಒಂದು ಹೆಣ್ಣಾನೆ ಮೇಯುತ್ತಿತ್ತು. ಮುಂಗಾಲಿನ ಉಗುರಿನಿಂದ ನೆಲವನ್ನು ಕೆರೆದು ಹುಲ್ಲಿನ ಗೆಡ್ಡೆಯನ್ನು ಸಡಿಲ ಮಾಡುತ್ತಿತ್ತು. ಸಡಿಲವಾದದ್ದನ್ನು ಸೊಂಡಿಲಿನಲ್ಲಿ ಸುತ್ತಿ ಕಿತ್ತು, ನೇರವಾಗಿ ಬಾಯಿಗೆ ಹಾಕದೆ, ಬೇರಿನ ಮಣ್ಣು ಉದುರುವಂತೆ ಕಾಲಿಗೆ ಎರಡು ಸಲ, ಮೂರು ಸಲ ಬಡಿಯುತ್ತಿತ್ತು. ಇನ್ನೂ ಮಣ್ಣಿದ್ದರೆ ಮತ್ತೊಂದು ಪೆಟ್ಟು. ಕೊತ್ತಂಬರಿ ಕಟ್ಟನ್ನು ನಲ್ಲಿಯ ಕೆಳಗೆ ಜಾಡಿಸುವ ಗೃಹಿಣಿಯ ಶ್ರದ್ಧೆ ಅದು. ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ಬೇಕು. ಹಗಲಿರುಳಿನ ಬಹುಪಾಲು ಹೊತ್ತು ಅದಕ್ಕೇ ಹೋಗುತ್ತದೆ. ಅಷ್ಟು ಹಸಿವಿದ್ದೂ ಅದು ಆತುರಪಡಲಿಲ್ಲ. ಅದರ ಹೊಟ್ಟೆಯಡಿ ಎರಡು ಮೂರು ತಿಂಗಳಿನ ಮರಿ. ಅದಕ್ಕಿನ್ನೂ ಸೊಂಡಿಲಿನಿಂದ ನೀರು ಕುಡಿಯಲು ಬರುತ್ತಿರಲಿಲ್ಲ. ಮಂಡಿಯೂರಿ ಬಾಯನ್ನೇ ನೀರಿಗಿಟ್ಟು ಕುಡಿಯುತ್ತಿತ್ತು. ಸೊಂಡಿಲು ತನ್ನದೇ ಎಂದು ಗೊತ್ತಿಲ್ಲದ ಹಾಗೆ ಅದನ್ನು ತಾನೇ ತುಳಿದು ಮುಗ್ಗರಿಸುತ್ತಿತ್ತು. ಇಪ್ಪತ್ತು ಇಪ್ಪತ್ತೆರಡು ತಿಂಗಳು ಹೊತ್ತು ಹೆರುವ ಕೂಸು. ಅದನ್ನು ಸಾಕುವುದು ತಾಯಿ ಒಬ್ಬಳೇ ಅಲ್ಲ. ಚಿಕ್ಕಮ್ಮ, ದೊಡ್ಡಮ್ಮ, ಅಕ್ಕಂದಿರೆಲ್ಲ ಸೇರಿ ಸಾಕುತ್ತಾರೆ. ಎಲ್ಲಿ ನೀರಿದೆ, ಯಾವ ಹಾದಿ ಅಪಾಯ ಎಂಬುದನ್ನು ನೆನಪಿಟ್ಟು ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ.

ಇದ್ದಕ್ಕಿದ್ದಂತೆ ಇಡೀ ಹಿಂಡು ನಿಂತಿತು. ಕಿವಿ ಬೀಸುವುದು ನಿಂತಿತು, ಬಾಲ ನಿಂತಿತು, ಬಾಯಲ್ಲಿದ್ದ ಹುಲ್ಲು ಬಾಯಲ್ಲೇ ಉಳಿಯಿತು. ನಮ್ಮ ಕಿವಿಗೆ ಏನೂ ಕೇಳಿಸಲಿಲ್ಲ. ಆದರೆ ಎದೆಗೂಡಿನೊಳಗೆ ಏನೋ ನಡುಗಿದಂತೆ ಆಯಿತು. ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ಮೇಲ್ ಗಾಡಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಪ್ಲಾಟ್‌ಫಾರಂ ಅಂಗಾಲಿಗೆ ಸುದ್ದಿ ಕೊಡುತ್ತದಲ್ಲ, ಹಾಗೆ. ಆನೆಗಳು ಮನುಷ್ಯನ ಕಿವಿಗೆ ನಿಲುಕದಷ್ಟು ತಗ್ಗಿದ ದನಿಯಲ್ಲಿ ಕಿಲೋಮೀಟರುಗಟ್ಟಲೆ ದೂರಕ್ಕೆ ಮಾತಾಡುತ್ತವೆ. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ನಮ್ಮ ಏಷ್ಯಾದ ಆನೆಗಳ ಪಕ್ಕ ನಿಂತಿದ್ದ ಕೇಟಿ ಪೇನ್ ಎಂಬ ಸಂಶೋಧಕಿಗೆ ಗಾಳಿಯಲ್ಲಿ ಇಂಥದೇ ಕಂಪನ ತಟ್ಟಿ, ಆ ಗುಟ್ಟು ಲೋಕಕ್ಕೆ ತಿಳಿಯಿತು. ಇದನ್ನೆಲ್ಲ ನಾನು ಓದಿದ್ದು ಆಮೇಲೆ. ಆ ಹೊತ್ತು ನಮ್ಮ ಡ್ರೈವರ್, ತಲೆ ನರೆತ ಸ್ಥಳೀಯ ಮನುಷ್ಯ, ‘ಮಾತಾಡ್ಕತಾ ಅವೆ, ಸುಮ್ಕಿರಿ’ ಎಂದಷ್ಟೇ ಪಿಸುಗುಟ್ಟಿದರು.

ಆಗಲೇ ಹಿಂದಿನಿಂದ ಇನ್ನೊಂದು ಜೀಪು ಬಂತು. ಅದರಲ್ಲಿದ್ದವರು ಮರಿಯನ್ನು ಕಂಡ ಸಂತೋಷಕ್ಕೆ ಕೂಗಿದರು, ಒಬ್ಬರು ಸಿಳ್ಳೆ ಹಾಕಿದರು. ಕ್ಷಣದಲ್ಲಿ ಮರಿ ಮಾಯವಾಯಿತು. ನಾಲ್ಕು ಹೆಣ್ಣಾನೆಗಳು ಮೈಗೆ ಮೈ ತಾಗಿಸಿ ನಿಂತ ಗೋಡೆಯ ಹಿಂದೆ ಸೇರಿಕೊಂಡಿತ್ತು. ಆ ಗೋಡೆಯಿಂದ ಹಿರಿಯಾನೆ ಹೊರಬಂದು ನಮ್ಮ ಕಡೆ ತಿರುಗಿತು. ಮೊದಲು ಒಂದು ಮುಂಗಾಲನ್ನು ಹಿಂದಕ್ಕೂ ಮುಂದಕ್ಕೂ ತೂಗಿತು. ಒಂದು ಹಿಡಿ ಮಣ್ಣೆತ್ತಿ ಬೆನ್ನಿಗೆ ಎರಚಿಕೊಂಡಿತು. ತಲೆಯನ್ನು ಒಮ್ಮೆ ಕೊಡವಿತು. ಕಿವಿಗಳು ಕೆನ್ನೆಗೆ ಬಡಿದ ಸದ್ದು ಒದ್ದೆ ಕಂಬಳಿ ಕಲ್ಲಿಗೆ ಒಗೆದ ಹಾಗಿತ್ತು. ಜೀಪಿನ ಗದ್ದಲ ನಿಲ್ಲಲಿಲ್ಲ. ಕಿವಿ ಎರಡನ್ನೂ ಅಗಲಿಸಿ, ತಲೆ ಎತ್ತಿ, ಘೀಳಿಟ್ಟು ಓಡಿ ಬಂತು.

ಮಗನನ್ನು ಎದೆಗೆ ಅವುಚಿಕೊಂಡೆ. ಆನೆ ನಮ್ಮ ವ್ಯಾನಿನಿಂದ ಹತ್ತು ಹನ್ನೆರಡು ಮಾರು ದೂರದಲ್ಲಿ, ನೆಲದಿಂದ ಧೂಳೆಬ್ಬಿಸಿ, ನಿಂತಿತು. ಅದರ ಕಣ್ಣಿನ ರೆಪ್ಪೆಗೂದಲು ಕಾಣುತ್ತಿತ್ತು. ಕಿವಿಯ ಅಂಚಿನ ತಿಳಿಗೆಂಪು ಮಚ್ಚೆಗಳು, ಹರಿದ ಒಂದು ತುಂಡು, ಹಣೆಯ ಮೇಲಿನ ಗಡಸು ಕೂದಲು, ಎಲ್ಲವೂ ಕಾಣುತ್ತಿತ್ತು. ಡ್ರೈವರ್ ಗಾಬರಿಯಾಗಲಿಲ್ಲ. ಹಾರನ್ ಮುಟ್ಟಲಿಲ್ಲ. ವ್ಯಾನನ್ನು ಇಷ್ಟಿಷ್ಟೇ ಹಿಂದಕ್ಕೆ ತೆಗೆದುಕೊಂಡರು. ನಾವು ಇಪ್ಪತ್ತು ಮೂವತ್ತು ಅಡಿ ಹಿಂದೆ ಸರಿದ ಮೇಲೆ ಆನೆ ಕಿವಿ ಇಳಿಸಿತು, ಇನ್ನೂ ಸ್ವಲ್ಪ ಹೊತ್ತು ನೋಡಿತು, ಆಮೇಲೆ ಬೆನ್ನು ತಿರುಗಿಸಿ ಹಿಂಡಿಗೆ ಮರಳಿತು.

ಗೇಟಿನ ಹತ್ತಿರ ಬಂದು ಇಳಿದಾಗ ಡ್ರೈವರ್ ನನ್ನ ಮಗನನ್ನು ಕರೆದು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. ‘ನೋಡು ಮಗ, ಅದು ನಾಕು ಸಲ ಹೇಳ್ತು. ಕಾಲು ತೂಗ್ತು, ಮಣ್ ಎರಚ್ತು, ತಲೆ ಒದರ್ತು, ಆಮೇಲೆ ಓಡಿ ಬಂದು ನಿಂತ್ಕತು. ನಾಕೂ ಒಂದೇ ಮಾತು, ದಾರಿ ಬಿಡಿ ಅಂತ. ಕಿವಿ ಅಗಲ ಮಾಡಿ ಕೂಗ್ಕೊಂಡು ಬಂದ್ರೆ ಅದು ಎಚ್ಚರಿಕೆ. ಕಿವಿ ಹಿಂದಕ್ಕೊತ್ತಿ, ಸೊಂಡ್ಲು ಒಳಕ್ಕೆ ಸುತ್ಕೊಂಡು, ಸದ್ದಿಲ್ದೆ ಬಂದ್ರೆ ಆಗ ಮಾತು ಮುಗೀತು. ಅಲ್ಲೀಗಂಟ ಕಾಯ್ಬಾರ್ದು. ಮೊದಲ್ನೇ ಸಲ ಹೇಳ್ದಾಗ್ಲೇ ನಾವು ಕೇಳ್ಬೇಕು.’

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಜಗಲಿಯ ಮೇಲೆ ಮಲಗಿದ್ದ ಅಪ್ಪ ಎದ್ದು ಕೂತು, ‘ಬುಟ್ರಾ ದಾರಿಯ?’ ಎಂದು ಕೇಳಿದರು. ಬಿಟ್ವಿ ಅಂದೆ. ‘ಸರಿ ಮತ್ತೆ’ ಎಂದು ಮತ್ತೆ ಮಲಗಿದರು.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದು ಕಲ್ಯಾಣದಲ್ಲಿ ಇಳಿದು, ಲೋಕಲ್ ಹಿಡಿದು ಮನೆ ಸೇರಿದೆವು. ಆ ವರ್ಷದ ಗಣೇಶ ಹಬ್ಬದ ಹೊತ್ತಿಗೆ ವಾಶಿಯಲ್ಲಿ ನೆಂಟರ ಮನೆಗೆ ಹೋಗಿದ್ದಾಗ ರಸ್ತೆಯಲ್ಲಿ ಮತ್ತೆ ಗಂಟೆ ಕೇಳಿಸಿತು. ಅಭ್ಯಾಸಬಲದಿಂದ ಬಾಳೆಹಣ್ಣು ಕೊಂಡು ಹತ್ತಿರ ಹೋದೆ. ಅದೇ ಬಣ್ಣದ ಹೂವು, ಅದೇ ಮಾಸಿದ ಬಟ್ಟೆ. ತಲೆ ಎಡಕ್ಕೆ, ಬಲಕ್ಕೆ. ಎಡಕ್ಕೆ, ಬಲಕ್ಕೆ. ಹಿನ್ನೀರಿನ ದಡದಲ್ಲಿ ನಾನು ಮೂರು ಗಂಟೆ ನೋಡಿದ್ದ ಅಷ್ಟೂ ಆನೆಗಳಲ್ಲಿ ಒಂದೂ ಹಾಗೆ ಕೊನೆಯಿಲ್ಲದೆ ತೂಗಿರಲಿಲ್ಲ. ಅಲ್ಲಿ ಕಿವಿ ಬೀಸಿದರೆ ಅದಕ್ಕೊಂದು ಅರ್ಥವಿತ್ತು, ಕಾಲು ಎತ್ತಿದರೆ ಹುಲ್ಲು ಬರುತ್ತಿತ್ತು. ಇಲ್ಲಿ ಕಾಲೆತ್ತಿದರೆ ಸರಪಳಿ ಸದ್ದಾಗುತ್ತಿತ್ತು. ನಡೆಯಲು ಹುಟ್ಟಿದ ಪ್ರಾಣಿಯನ್ನು ವರ್ಷಗಟ್ಟಲೆ ಕಟ್ಟಿಹಾಕಿದರೆ, ತನ್ನವರಿಂದ ದೂರ ಇಟ್ಟರೆ, ಅದು ಹೀಗೆ ನಿಂತಲ್ಲೇ ತೂಗಲು ಶುರು ಮಾಡುತ್ತದೆ. ನನ್ನ ಮಗ ಚಪ್ಪಾಳೆ ತಟ್ಟಿದ ಡಾನ್ಸ್ ಅದು.

ಕಾಲು ನೋಡಿದೆ. ಆನೆಯ ಅಂಗಾಲಿನಲ್ಲಿ ಕೊಬ್ಬಿನ ದಪ್ಪ ಮೆತ್ತೆ ಇರುತ್ತದೆ. ಕಾಡಿನ ಮೆದು ನೆಲದಲ್ಲಿ ಅದು ಎಷ್ಟು ಸದ್ದಿಲ್ಲದೆ ನಡೆಯುತ್ತದೆಂದರೆ ಹತ್ತಿರ ಬರುವವರೆಗೂ ತಿಳಿಯುವುದಿಲ್ಲ. ಡಾಂಬರು, ಕಾಂಕ್ರೀಟಿನ ಮೇಲೆ ಅದೇ ಪಾದ ಸೀಳುತ್ತದೆ, ಕೀವಾಗುತ್ತದೆ. ಮೈತುಂಬ ಬೆವರಿ ತಣ್ಣಗಾಗುವ ಶಕ್ತಿ ಅದಕ್ಕಿಲ್ಲ. ಕಿವಿ ಬೀಸಿ, ಮಣ್ಣು ಎರಚಿಕೊಂಡು, ನೀರಿಗಿಳಿದು ಬಿಸಿಲು ಕಳೆಯಬೇಕು. ಆ ರಸ್ತೆಯಲ್ಲಿ ಮಣ್ಣೆಲ್ಲಿತ್ತು, ನೀರೆಲ್ಲಿತ್ತು? ಬಸ್ಸು ಹಾರನ್ ಹೊಡೆಯಿತು. ಮಕ್ಕಳು ಕೂಗಿದರು. ಕಾಡಿನಲ್ಲಾಗಿದ್ದರೆ ಈ ಆನೆ ಕಾಲು ತೂಗಿ, ಮಣ್ಣೆರಚಿ, ತಲೆ ಕೊಡವಿ ಹೇಳುತ್ತಿತ್ತು. ಇಲ್ಲಿ ಹೇಳುವುದನ್ನೇ ಬಿಟ್ಟಿತ್ತು. ಹದಿಮೂರು ವರ್ಷ ನಾನು ಪ್ರೀತಿಯಿಂದ ಕೊಟ್ಟ ಬೆಲ್ಲವೆಲ್ಲ ಈ ಸರಪಳಿಯ ಒಂದೊಂದು ಕೊಂಡಿಯಾಯಿತಲ್ಲ ಎನ್ನಿಸಿ, ಹಣ್ಣು ಕೈಯಲ್ಲೇ ಇಟ್ಟುಕೊಂಡು ಹಿಂದೆ ಬಂದೆ. ಅಂದಿನಿಂದ ಬೀದಿಯ ಆನೆಗೆ ನಾನು ಕಾಸು ಕೊಟ್ಟಿಲ್ಲ. ಮೇಲೆ ಕೂತವನೂ ಬಡವನೇ. ಅವನ ಹೊಟ್ಟೆಪಾಡಿಗೆ ಬೇರೆ ದಾರಿ ಆಗಬೇಕು. ಆದರೆ ಆ ದಾರಿ ಆನೆಯ ಬೆನ್ನ ಮೇಲಿನಿಂದ ಹೋಗಬಾರದು.

2013ರ ಜೂನ್‌ನಲ್ಲಿ ಥಾಣೆಯ ಪಕ್ಕದ ಮುಲುಂಡ್‌ನಲ್ಲಿ ಬಿಜಲಿ ಎಂಬ ಹೆಣ್ಣಾನೆ ಬಿದ್ದುಹೋಯಿತು. ಜೀವಮಾನವಿಡೀ ಮದುವೆಗಳಲ್ಲಿ ನಿಂತು, ಬೀದಿಗಳಲ್ಲಿ ಬೇಡಿ ದುಡಿದ ಆನೆ. ಅದನ್ನು ಮತ್ತೆ ಕಾಲ ಮೇಲೆ ನಿಲ್ಲಿಸಲು ಪಶುವೈದ್ಯರೂ ಪ್ರಾಣಿದಯೆಯ ಸ್ವಯಂಸೇವಕರೂ ಮಳೆಯಲ್ಲೇ ದಿನಗಟ್ಟಲೆ ಹೆಣಗಿದರು. ಮೈ ಭಾರ ಹೆಚ್ಚಾಗಿ, ಕೀಲುಗಳು ಸವೆದು, ಅದು ಏಳಲಿಲ್ಲ. ವರ್ಷಗಟ್ಟಲೆ ಅದರ ಹೊಟ್ಟೆಗೆ ಬಿದ್ದದ್ದು ಜನ ಕೊಟ್ಟ ವಡಾಪಾವ್, ಸಿಹಿತಿಂಡಿ ಎಂದು ಪತ್ರಿಕೆಗಳಲ್ಲಿ ಬಂತು. ಡೊಂಬಿವಲಿಯಿಂದ ಮುಲುಂಡ್ ಲೋಕಲ್‌ನಲ್ಲಿ ಅರ್ಧ ಗಂಟೆಯ ದಾರಿ. ನೋಡಿಬರಬೇಕೆಂದು ಎರಡು ಸಲ ಸೀರೆ ಉಟ್ಟು ಹೊರಟೆ, ಎರಡು ಸಲವೂ ಸ್ಟೇಷನ್ನಿನಿಂದ ಹಿಂದೆ ಬಂದೆ. ಖೆಡ್ಡಾದ ಆ ತಾಯಿ ಕಣ್ಣ ಮುಂದೆ ಬರುತ್ತಿದ್ದಳು. ಜೂನ್ 30ರಂದು ಬಿಜಲಿ ಸತ್ತಿತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದು ನಮ್ಮಲ್ಲಿ ಗಾದೆ. ಬೆಲೆಯನ್ನು ಇಷ್ಟು ಚೆನ್ನಾಗಿ ಎಣಿಸಿದ ನಾವು ಅದರ ನೋವನ್ನು ಎಣಿಸಲಿಲ್ಲ.

ನಮ್ಮ ಕಡೆಯ ಇನ್ನೊಂದು ಆನೆಯ ಕಥೆಯೂ ಇಂಥದೇ. ನವಿ ಮುಂಬಯಿಯ ದಡದಿಂದ ನೋಡಿದರೆ ಕೊಲ್ಲಿಯಲ್ಲಿ ಘಾರಾಪುರಿ ದ್ವೀಪ ಕಾಣುತ್ತದೆ. ಅಲ್ಲಿ ಇಳಿಯುವ ಜಾಗದ ಹತ್ತಿರ ಒಂದು ದೊಡ್ಡ ಕಲ್ಲಾನೆ ಇತ್ತು. ಅದನ್ನು ಕಂಡೇ ಪೋರ್ಚುಗೀಸರು ದ್ವೀಪವನ್ನು ಎಲಿಫೆಂಟಾ ಎಂದು ಕರೆದರು. 1864ರಲ್ಲಿ ಬ್ರಿಟಿಷರು ಅದನ್ನು ತಮ್ಮ ದೇಶಕ್ಕೆ ಸಾಗಿಸಲು ಎತ್ತುವಾಗ ಆನೆ ಬಿದ್ದು ಚೂರಾಯಿತು. 1914ರಲ್ಲಿ ಚೂರುಗಳನ್ನು ಜೋಡಿಸಿದರು. ಈಗ ಭಾಯಖಳಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಹೊರಗೆ ನಿಂತಿದೆ. ಒಮ್ಮೆ ಅದರ ಮುಂದೆ ನಿಂತು ಬೆಸೆದ ಗೆರೆಗಳನ್ನು ಬೆರಳಿನಿಂದ ತೋರಿಸುತ್ತಾ ಮಗನಿಗೆ ಹೇಳಿದ್ದೆ: ಇದ್ದ ಜಾಗದಿಂದ ಕಿತ್ತರೆ ಕಲ್ಲಿನ ಆನೆಯೂ ಉಳಿಯುವುದಿಲ್ಲ.

2019ರ ಏಪ್ರಿಲ್‌ನಲ್ಲಿ ಐದು ವರ್ಷದ ಮೊಮ್ಮಗನನ್ನು ಕರೆದುಕೊಂಡು ಕಬಿನಿ ಬಳಿಯ ದಮ್ಮನಕಟ್ಟೆಯಿಂದ ಸಫಾರಿ ಹೋದೆವು. ಅಪ್ಪ ಆಗ ಇರಲಿಲ್ಲ. ಸಂಜೆಯ ಬಿಸಿಲಿನಲ್ಲಿ ನೀರಿನಂಚಿನಿಂದ ಒಬ್ಬನೇ ನಡೆದು ಬಂದ, ಭೋಗೇಶ್ವರ ಎಂಬ ಸಲಗ. ಹಿನ್ನೀರಿನ ಸುತ್ತ ಅವನನ್ನು ಅರಿಯದವರಿರಲಿಲ್ಲ. ನೆಲಕ್ಕೆ ತಾಗುವಂತೆ ಇಳಿದ ದಂತಗಳು, ತುದಿಯಲ್ಲಿ ಒಂದನ್ನೊಂದು ದಾಟುವಂತೆ ಬಾಗಿದ್ದವು. ನಡೆಯುವಾಗ ಅವು ಹುಲ್ಲಿಗೆ ಸಿಕ್ಕದಂತೆ ತಲೆಯನ್ನು ತುಸು ಎತ್ತಿಯೇ ನಡೆಯುತ್ತಿದ್ದ. ಜೀಪು ಇದ್ದ ಕಡೆಗೇ ಬಂದ. ಡ್ರೈವರ್ ಮುಂಚೆಯೇ ಹಿಂದೆ ಸರಿದು ಹಾದಿ ತೆರವು ಮಾಡಿದರು. ನಮ್ಮ ಕಡೆ ಒಂದು ಸಲವೂ ಕಿವಿ ಅಗಲಿಸದೆ, ನಾವು ಅಲ್ಲಿಲ್ಲವೇನೋ ಎಂಬಂತೆ ದಾಟಿಹೋದ. ಹುಲ್ಲು ಮುರಿಯುವ ಸದ್ದು, ಒಂದು ನಿಟ್ಟುಸಿರು, ಮತ್ತೇನಿಲ್ಲ.

ಮೊಮ್ಮಗ ನನ್ನ ಕಿವಿಯಲ್ಲಿ, ‘ಅಜ್ಜಿ, ಇವನಿಗೆ ಕೇಳಂ ಕೊಡೋಣ್ವಾ?’ ಎಂದ. ಬಾಳೆಹಣ್ಣಿಗೆ ಅವನ ಬಾಯಲ್ಲಿ ಮರಾಠಿ ಮಾತೇ ಬರುವುದು. ‘ಬೇಡ ಪುಟ್ಟ. ಅವನಿಗೆ ನಮ್ಮಿಂದ ಏನೂ ಬೇಕಿಲ್ಲ’ ಅಂದೆ. ‘ದಾರಿ?’ ಎಂದು ಕೇಳಿದ. ಅವನಪ್ಪ ಅವನಿಗೆ 1999ರ ಕಥೆ ಹೇಳಿದ್ದ. ‘ಹೂಂ, ದಾರಿ ಮಾತ್ರ’ ಅಂದೆ.

2022ರ ಜೂನ್‌ನಲ್ಲಿ ಭೋಗೇಶ್ವರ ಬಂಡೀಪುರದ ಗುಂಡ್ರೆ ವಲಯದಲ್ಲಿ, ಅರವತ್ತರ ಆಸುಪಾಸಿನಲ್ಲಿ, ವಯಸ್ಸಾಗಿ ತೀರಿಕೊಂಡ. ದಂತಗಳನ್ನು ಅಳೆದಾಗ ಒಂದು 2.54 ಮೀಟರ್, ಇನ್ನೊಂದು 2.34 ಮೀಟರ್. ಅಷ್ಟು ದೊಡ್ಡ ದಂತ ಹೊತ್ತೂ ಗುಂಡಿಗೆ ಬಲಿಯಾಗದೆ ಮುಪ್ಪಿನವರೆಗೆ ಬದುಕಿದ್ದು ಕಾಡು ಕಾಯುವ ಸಿಬ್ಬಂದಿಯ ದೊಡ್ಡ ಗೆಲುವು ಎಂದೇ ನನ್ನ ಭಾವನೆ.

ಮೈಸೂರು ದಸರಾದ ಆನೆ ಅರ್ಜುನನಿಗೆ ಆ ಭಾಗ್ಯ ಇರಲಿಲ್ಲ. ಅವನೂ ನಮ್ಮ ಕಾಕನಕೋಟೆಯವನೇ. 1968ರ ಖೆಡ್ಡಾದಲ್ಲಿ ಸಿಕ್ಕವನು. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಹೋಗಿ, ಕಾಡಿನ ಸಲಗದ ಎದುರು ಕಾದಾಡುತ್ತಾ ಸತ್ತ. ಡೊಂಬಿವಲಿಯ ಮನೆಯಲ್ಲಿ ಟಿವಿಯ ಮುಂದೆ ಕೂತು, ಕಣ್ಣೀರಿಡುತ್ತಿದ್ದ ಅವನ ಮಾವುತನನ್ನು ಕಂಡು ನಾನೂ ಅತ್ತೆ. ಜೇನುಕುರುಬ ಮಾವುತರು ಆನೆಯನ್ನು ಸಾಕುವ ಪ್ರೀತಿಯನ್ನು ನಾನು ಕಣ್ಣಾರೆ ಕಂಡವಳು, ಅದರಲ್ಲಿ ಕಪಟವಿಲ್ಲ. ಆದರೂ ಅವತ್ತು ಅಪ್ಪನ ಮಾತೇ ಮತ್ತೆ ಮತ್ತೆ ನೆನಪಾಯಿತು. ದಾರಿ ಕಟ್ಟಿಸಿಕೊಂಡ ಒಂದು ಆನೆಯನ್ನು, ದಾರಿ ಹುಡುಕುತ್ತಿದ್ದ ಇನ್ನೊಂದು ಆನೆಯ ಎದುರು ನಾವು ನಿಲ್ಲಿಸಿದ್ದೆವು.

2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಲದ್ದಿಯ ಡಿಎನ್ಎ ಪರೀಕ್ಷಿಸಿ ಹೊಸ ಕ್ರಮದಲ್ಲಿ ಹಾಕಿ, 2025ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 6,013. ದೇಶದಲ್ಲಿ ಒಟ್ಟು 22,446. ಎರಡು ಲೆಕ್ಕದಲ್ಲೂ ನಮ್ಮ ರಾಜ್ಯವೇ ಮೊದಲು. ಹೆಮ್ಮೆಯ ಮಾತು ನಿಜ. ಆದರೆ ಇಷ್ಟು ಆನೆಗಳು ನಡೆಯಲು ಬೇಕಾದ ಕಾಡಿನ ಹಾದಿಗಳು ತೋಟ, ನಾಲೆ, ಹೆದ್ದಾರಿ, ರೆಸಾರ್ಟುಗಳಿಂದ ತುಂಡಾಗುತ್ತಿವೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕದ ಕೆಲವು ಆನೆಗಳು ಘಟ್ಟ ದಾಟಿ ಮಹಾರಾಷ್ಟ್ರದ ಸಿಂಧುದುರ್ಗಕ್ಕೆ ಬಂದವು. ಕೊಂಕಣ ರೈಲಿನಲ್ಲಿ ಸಾವಂತವಾಡಿ ದಾಟುವಾಗಲೆಲ್ಲ ನಾನು ಕಿಟಕಿಯಿಂದ ಪೂರ್ವದ ಬೆಟ್ಟಗಳ ಕಡೆ ನೋಡುತ್ತೇನೆ. ಅನ್ನ ಹುಡುಕಿಕೊಂಡು ಅದೇ ನೆಲದಿಂದ ಇದೇ ನೆಲಕ್ಕೆ ಬಂದವರು ನಾವೂ. ನಮಗೆ ಇಲ್ಲಿ ಮನೆ ಸಿಕ್ಕಿತು, ಕನ್ನಡ ಸಂಘ ಸಿಕ್ಕಿತು. ಅವುಗಳಿಗೆ ಸಿಕ್ಕಿದ್ದು ಪಟಾಕಿ ಸದ್ದು. ಬೆಳೆ ಕಳೆದುಕೊಂಡ ಅಲ್ಲಿನ ರೈತನನ್ನು ನಾನು ದೂರಲಾರೆ. ಅವನು ನನ್ನ ಅಪ್ಪನೇ. ಅವನಿಗೆ ನಷ್ಟದ ಹಣ ತಡವಿಲ್ಲದೆ ಸಿಗಬೇಕು, ಆನೆಗೆ ಅದರ ಕಾಡು ತುಂಡಾಗದೆ ಉಳಿಯಬೇಕು. ಒಂದನ್ನು ಬಿಟ್ಟು ಇನ್ನೊಂದಿಲ್ಲ.

2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಒಬ್ಬ ಪ್ರವಾಸಿ ಗಾಡಿಯಿಂದಿಳಿದು ಆನೆಯ ಹತ್ತಿರ ಫೋಟೋಗೆ ಹೋಗಿ ತುಳಿತಕ್ಕೆ ಸಿಕ್ಕಿದ. ಪುಣ್ಯಕ್ಕೆ ಜೀವ ಉಳಿಯಿತು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆ ವಿಡಿಯೊ ನಮ್ಮ ಡೊಂಬಿವಲಿಯ ಪ್ರತಿ ಮೊಬೈಲಿಗೂ ಬಂತು. ಎಲ್ಲರೂ ಆನೆಯ ಸಿಟ್ಟಿನ ಬಗ್ಗೆಯೇ ಮಾತಾಡಿದರು.

ರಜೆ ಬಂತೆಂದರೆ ನಮ್ಮ ಥಾಣೆ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಮನೆಗಳಿಂದ ಎಷ್ಟೋ ಜನ ಊರಿಗೆ ಹೋಗುತ್ತೀರಿ, ಮಕ್ಕಳಿಗೆ ಕಾಡು ತೋರಿಸುತ್ತೀರಿ. ತೋರಿಸಿ. ಆನೆ ಕಂಡರೆ ದೂರದಲ್ಲೇ ಗಾಡಿ ನಿಲ್ಲಿಸಿ. ಇಳಿಯಬೇಡಿ, ಕೂಗಬೇಡಿ, ಹಾರನ್ ಹಾಕಬೇಡಿ, ತಿನ್ನಲು ಏನೂ ಕೊಡಬೇಡಿ. ತಾಯಿ ಮರಿಯ ನಡುವೆ ಹೋಗಬೇಡಿ. ಕಾಲು ತೂಗಿದರೆ, ಮಣ್ಣೆರಚಿದರೆ, ಅದು ನಿಮ್ಮ ಜೊತೆ ಮಾತಾಡುತ್ತಿದೆ ಎಂದು ತಿಳಿಯಿರಿ. ಮೊದಲನೆಯ ಸಲ ಹೇಳಿದಾಗಲೇ ಹಿಂದೆ ಸರಿದು ದಾರಿ ಬಿಡಿ.